ಬಾಲ ನೋಡಿ ಇಟ್ಟ ಹೆಸರು, ಜೀನೋಮ್ ಓದಿ ಹುಡುಕಿದ ವಂಶ

ಬ್ಯಾಕ್ಟೀರಿಯಾಗಳಿಗೆ ಸೋಂಕು ತಗಲಿಸುವ ವೈರಸ್‌ಗಳಿಗೆ ಬ್ಯಾಕ್ಟೀರಿಯೊಫೇಜ್ ಎಂದು ಹೆಸರು. ಬಳಕೆಯಲ್ಲಿ ಬರೀ ಫೇಜ್. ಭೂಮಿಯ ಮೇಲೆ ಇವುಗಳ ಸಂಖ್ಯೆ ಒಂದರ ಮುಂದೆ 31 ಸೊನ್ನೆ ಹಾಕಿದಷ್ಟು ಎಂಬುದು ವಿಜ್ಞಾನಿಗಳ ಅಂದಾಜು. ಇಷ್ಟನ್ನೂ ಗುಂಪು ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಒಂದೇ ಉತ್ತರವಿತ್ತು: ಆಕಾರ ನೋಡಿ. 2022ರಲ್ಲಿ ವೈರಸ್ ವರ್ಗೀಕರಣದ ಅಂತರರಾಷ್ಟ್ರೀಯ ಸಮಿತಿ, ಅಂದರೆ ಐಸಿಟಿವಿ, ಆ ಉತ್ತರವನ್ನು ಕೈಬಿಟ್ಟಿತು. ಪಠ್ಯಪುಸ್ತಕಗಳಲ್ಲಿ ನೆಲೆಯೂರಿದ್ದ ಮಯೋವಿರಿಡೆ, ಸೈಫೋವಿರಿಡೆ, ಪೋಡೋವಿರಿಡೆ ಎಂಬ ಮೂರು ಕುಟುಂಬಗಳು ರದ್ದಾದವು. ನೋಡಲು ಒಂದೇ ತರಹ ಇರುವವೆಲ್ಲ ನೆಂಟರಲ್ಲ ಎಂದು ಒಪ್ಪಿಕೊಳ್ಳಲು ಈ ಶಾಸ್ತ್ರ ನಡೆದ ದಾರಿ ಉದ್ದದ್ದು.

ಕಣ್ಣಿಗೆ ಕಂಡ ಕುಟುಂಬಗಳು

1915ರಲ್ಲಿ ಫ್ರೆಡರಿಕ್ ಟ್ವಾರ್ಟ್, 1917ರಲ್ಲಿ ಫೆಲಿಕ್ಸ್ ಡೆರೆಲ್ ಫೇಜ್‌ಗಳ ಇರುವನ್ನು ವರದಿ ಮಾಡಿದರು. ಆಗ ಅವುಗಳನ್ನು ಕಂಡವರಿಲ್ಲ. ಬ್ಯಾಕ್ಟೀರಿಯಾ ಬೆಳೆದ ತಟ್ಟೆಯ ಮೇಲೆ ಮೂಡುವ ತಿಳಿಯಾದ ಚುಕ್ಕೆಗಳೇ ಸಾಕ್ಷಿ. 1940ರ ಆಸುಪಾಸಿನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ ತಲೆ, ಬಾಲಗಳ ಆಕಾರ ಕಾಣಿಸಿತು. 1967ರಲ್ಲಿ ಡೇವಿಡ್ ಬ್ರಾಡ್ಲಿ ಆಕಾರ ಮತ್ತು ನ್ಯೂಕ್ಲಿಯಿಕ್ ಆಮ್ಲದ ಬಗೆಯನ್ನು ಆಧರಿಸಿ ಫೇಜ್‌ಗಳನ್ನು ಆರು ಗುಂಪು ಮಾಡಿದರು. ಮುಂದೆ ಬಾಲವುಳ್ಳವು ಮೂರು ಕುಟುಂಬಗಳಾದವು: ಕುಗ್ಗುವ ಬಾಲದವು ಮಯೋವಿರಿಡೆ, ಉದ್ದನೆಯ ಕುಗ್ಗದ ಬಾಲದವು ಸೈಫೋವಿರಿಡೆ, ಮೋಟು ಬಾಲದವು ಪೋಡೋವಿರಿಡೆ.

ಈ ವ್ಯವಸ್ಥೆಗೆ ಗಟ್ಟಿ ತಳಪಾಯ ಹಾಕಿದವರು ಕೆನಡಾದ ಲಾವಾಲ್ ವಿಶ್ವವಿದ್ಯಾಲಯದ ಹಾನ್ಸ್ ವೂಲ್ಫ್‌ಗಾಂಗ್ ಆಕರ್‌ಮನ್. 2007ರ ಅವರ ಎಣಿಕೆಯಂತೆ ಅಲ್ಲಿಯವರೆಗೆ ನೋಡಿದ 5,500ಕ್ಕೂ ಹೆಚ್ಚು ಫೇಜ್‌ಗಳಲ್ಲಿ ಶೇ. 96ರಷ್ಟಕ್ಕೆ ಬಾಲವಿತ್ತು. ಒಂದು ಚಿತ್ರ ತೆಗೆದರೆ ಕುಟುಂಬ ತಿಳಿಯುತ್ತಿತ್ತು. ಆ ಸೌಲಭ್ಯವೇ ಈ ಪದ್ಧತಿಗೆ ಇಷ್ಟು ದೀರ್ಘ ಆಯುಷ್ಯ ಕೊಟ್ಟಿತು.

ಲ್ಯಾಂಬ್ಡಾ ಮತ್ತು ಪಿ22

1977ರಲ್ಲಿ ಫ್ರೆಡರಿಕ್ ಸ್ಯಾಂಗರ್ ತಂಡ ಫೈಎಕ್ಸ್174 ಎಂಬ ಪುಟ್ಟ ಫೇಜ್‌ನ ಸುಮಾರು 5,400 ಅಕ್ಷರಗಳ ಡಿಎನ್‌ಎಯನ್ನು ಪೂರ್ತಿ ಓದಿತು. 1982ರಲ್ಲಿ ಲ್ಯಾಂಬ್ಡಾ ಫೇಜ್‌ನ 48,502 ಅಕ್ಷರಗಳು ಸಿಕ್ಕವು. ಓದು ಹೆಚ್ಚಿದಂತೆ ಹಳೆಯ ಕುಟುಂಬಗಳ ಬಿರುಕುಗಳೂ ಕಂಡವು.

ಎಲ್ಲಕ್ಕಿಂತ ಸ್ಪಷ್ಟವಾದ ಉದಾಹರಣೆ ಲ್ಯಾಂಬ್ಡಾ ಮತ್ತು ಪಿ22. ಲ್ಯಾಂಬ್ಡಾ ಇ. ಕೋಲಿಯದ್ದು, ಉದ್ದ ಬಾಲದ್ದು. ಪಿ22 ಸಾಲ್ಮೊನೆಲ್ಲಾದ್ದು, ಮೋಟು ಬಾಲದ್ದು. ಹಾಗಾಗಿ ಎರಡೂ ಬೇರೆ ಬೇರೆ ಕುಟುಂಬಗಳಲ್ಲಿದ್ದವು. ಆದರೆ ಬ್ಯಾಕ್ಟೀರಿಯಾದ ಒಳಹೊಕ್ಕ ಮೇಲೆ ಅದರ ಡಿಎನ್‌ಎಯೊಳಗೆ ಸೇರಿ ಸುಮ್ಮನಿರಬೇಕೇ, ಇಲ್ಲವೇ ಕೂಡಲೇ ಅದನ್ನು ಒಡೆದು ಹೊರಬರಬೇಕೇ ಎಂದು ತೀರ್ಮಾನಿಸುವ ಜೀನ್‌ಗಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿವೆ. ಪ್ರಯೋಗಾಲಯದಲ್ಲಿ ಇವೆರಡರ ಮಿಶ್ರತಳಿಗಳನ್ನೂ ಪಡೆದಿದ್ದಾರೆ. ಇತ್ತ ಪಿ22ರ ಜೊತೆ ಒಂದೇ ಕುಟುಂಬದಲ್ಲಿದ್ದ ಟಿ7 ತನ್ನದೇ ಆರ್‌ಎನ್‌ಎ ಪಾಲಿಮರೇಸ್ ಹೊತ್ತು ತರುವ, ಬೇರೆಯದೇ ಜೀವನಕ್ರಮದ ಫೇಜ್. ಬಾಲ ಮೋಟಾಗಿರುವುದನ್ನು ಬಿಟ್ಟರೆ ಇವೆರಡರ ನಡುವೆ ಹೇಳಿಕೊಳ್ಳುವಂಥ ಹೋಲಿಕೆ ಕಡಿಮೆ.

ಕಾರಣವನ್ನು ಡೇವಿಡ್ ಬಾಟ್‌ಸ್ಟೀನ್ 1980ರಲ್ಲೇ ಸೂಚಿಸಿದ್ದರು: ಫೇಜ್‌ಗಳು ಜೀನ್‌ಗಳ ಕಟ್ಟುಗಳನ್ನೇ ಪರಸ್ಪರ ಅದಲುಬದಲು ಮಾಡಿಕೊಂಡು ವಿಕಾಸ ಹೊಂದುತ್ತವೆ. 1999ರಲ್ಲಿ ರೋಜರ್ ಹೆಂಡ್ರಿಕ್ಸ್, ಗ್ರಹಾಂ ಹ್ಯಾಟ್‌ಫುಲ್ ಮತ್ತು ಸಂಗಡಿಗರು ಈ ವಿಚಾರವನ್ನು ಇನ್ನೂ ಮುಂದೊಯ್ದು, ಬಾಲದ ಫೇಜ್‌ಗಳೆಲ್ಲ ಜಗತ್ತಿನಾದ್ಯಂತ ಹರಡಿದ ಒಂದೇ ಜೀನ್ ಭಂಡಾರದಿಂದ ಪಾಲು ಪಡೆಯುತ್ತವೆ ಎಂದು ವಾದಿಸಿದರು. ಫೇಜ್‌ನ ಜೀನೋಮ್ ಹಲವು ಮನೆಗಳ ಹಳೆ ಸೀರೆ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿಯಂಥದ್ದು. ಒಂದೊಂದು ತುಂಡಿಗೂ ಅದರದೇ ಮೂಲ.

ಅಳತೆಗೋಲಿನ ಹುಡುಕಾಟ

ಬ್ಯಾಕ್ಟೀರಿಯಾಗಳ ವಂಶವೃಕ್ಷ ಬರೆಯುವವರಿಗೆ 16ಎಸ್ ರೈಬೋಸೋಮ್ ಜೀನ್ ಇದೆ. ಅದು ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುತ್ತದೆ. ಫೇಜ್‌ಗಳಲ್ಲಿ ಎಲ್ಲಕ್ಕೂ ಸಾಮಾನ್ಯವಾದ ಒಂದೇ ಒಂದು ಜೀನೂ ಇಲ್ಲ. ಆದ್ದರಿಂದ 2002ರಲ್ಲಿ ಫಾರೆಸ್ಟ್ ರೋವರ್ ಮತ್ತು ರಾಬ್ ಎಡ್ವರ್ಡ್ಸ್ 105 ಫೇಜ್‌ಗಳ ಎಲ್ಲ ಪ್ರೋಟೀನ್‌ಗಳನ್ನೂ ಒಟ್ಟಾಗಿ ಹೋಲಿಸಿ ಒಂದು ವೃಕ್ಷ ರಚಿಸಿದರು. 2008ರಲ್ಲಿ ಲಿಮಾ-ಮೆಂಡೆಸ್ ಮತ್ತು ಸಂಗಡಿಗರು ಮರದ ಬದಲು ಜಾಲವನ್ನೇ ಬರೆದರು. ಜೀನ್ ಹಂಚಿಕೊಂಡ ಫೇಜ್‌ಗಳ ನಡುವೆ ಗೆರೆ ಎಳೆದರು. ಇಂದು ಬಳಕೆಯಲ್ಲಿರುವ ವಿಕಾಂಟ್ಯಾಕ್ಟ್ ತಂತ್ರಾಂಶ ಈ ಜಾಲದ ಆಲೋಚನೆಯನ್ನೇ ಬೆಳೆಸಿದೆ.

ಹತ್ತಿರದ ನಂಟನ್ನು ಅಳೆಯುವ ಲೆಕ್ಕ ಸರಳ. ತಲಾ 50,000 ಅಕ್ಷರಗಳ ಎರಡು ಫೇಜ್‌ಗಳನ್ನು ತೆಗೆದುಕೊಳ್ಳಿ. 40,000 ಅಕ್ಷರಗಳ ಭಾಗ ಎರಡರಲ್ಲೂ ಒಂದೇ ಆಗಿದ್ದು, ಉಳಿದ 10,000ಕ್ಕೆ ಏನೂ ಹೊಂದಿಕೆಯಿಲ್ಲದಿದ್ದರೆ ಹೋಲಿಕೆ ಶೇ. 80. ಹೊಂದಿದ ಭಾಗ ನೂರಕ್ಕೆ ನೂರು ಒಂದೇ ಆಗಿದ್ದರೂ ಲೆಕ್ಕ ಇಡೀ ಉದ್ದಕ್ಕೆ ನಡೆಯುತ್ತದೆ. ಈಗಿನ ನಿಯಮದಂತೆ ಹೋಲಿಕೆ ಶೇ. 95 ದಾಟಿದರೆ ಒಂದೇ ಪ್ರಭೇದ, ಸುಮಾರು ಶೇ. 70 ದಾಟಿದರೆ ಒಂದೇ ಕುಲ. ನಮ್ಮ ಉದಾಹರಣೆಯ ಎರಡು ಫೇಜ್‌ಗಳು ಒಂದೇ ಕುಲದ ಬೇರೆ ಬೇರೆ ಪ್ರಭೇದಗಳು. 2020ರಲ್ಲಿ ಬಂದ ವಿರಿಡಿಕ್ ತಂತ್ರಾಂಶ ಮಾಡುವುದು ಇದೇ ಬಗೆಯ ಲೆಕ್ಕ.

ಆದರೆ ಈ ಗಡಿಗಳು ನಿಸರ್ಗ ಹಾಕಿದವಲ್ಲ. ಅಮೆರಿಕದಲ್ಲಿ 2008ರಲ್ಲಿ ಶುರುವಾದ ಸೀ-ಫೇಜಸ್ ಯೋಜನೆಯಲ್ಲಿ ಕಾಲೇಜು ವಿದ್ಯಾರ್ಥಿಗಳು ಮಣ್ಣಿನಿಂದ ಫೇಜ್‌ಗಳನ್ನು ಹೆಕ್ಕಿ, ಜೀನೋಮ್ ಓದಿಸಿ, ಜೀನ್‌ಗಳನ್ನು ಗುರುತಿಸುತ್ತಾರೆ. ಹೀಗೆ ಸೇರಿದ 627 ಮೈಕೋಬ್ಯಾಕ್ಟೀರಿಯಾ ಫೇಜ್‌ಗಳನ್ನು 2015ರಲ್ಲಿ ಹೋಲಿಸಿದಾಗ ಗುಂಪುಗಳ ನಡುವೆ ಬೇಲಿ ಕಾಣಲಿಲ್ಲ. ವೈವಿಧ್ಯ ಒಂದರಿಂದ ಇನ್ನೊಂದಕ್ಕೆ ಹರಿದಿತ್ತು.

ನೋಡದೆಯೇ ಗುರುತಿಸಿದ ಫೇಜ್

2014ರಲ್ಲಿ ಬಾಸ್ ಡುಟಿಲ್ಹ್ ಮತ್ತು ಸಂಗಡಿಗರು ಮನುಷ್ಯರ ಮಲದ ಮಾದರಿಗಳಲ್ಲಿದ್ದ ಡಿಎನ್‌ಎ ಚೂರುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಸುಮಾರು 97,000 ಅಕ್ಷರಗಳ ಕ್ರಾಸ್‌ಫೇಜನ್ನು ಕಂಡುಹಿಡಿದರು. ಆಗ ಅದನ್ನು ಬೆಳೆಸಿದವರೂ ಇಲ್ಲ, ಚಿತ್ರ ತೆಗೆದವರೂ ಇಲ್ಲ. ಆ ಬಳಗದ ಒಂದು ಫೇಜ್ ಪ್ರಯೋಗಾಲಯದಲ್ಲಿ ಬೆಳೆದದ್ದು 2018ರಲ್ಲಿ. ಬಾಲ ನೋಡಿಯೇ ಕುಟುಂಬ ಹೇಳಬೇಕೆಂದರೆ ಇಂಥವಕ್ಕೆ ಜಾಗವೇ ಇರುತ್ತಿರಲಿಲ್ಲ. ಅನುಕ್ರಮ ಮಾತ್ರ ಗೊತ್ತಿರುವ ವೈರಸ್‌ಗಳನ್ನೂ ಅಧಿಕೃತವಾಗಿ ವರ್ಗೀಕರಿಸಬಹುದು ಎಂಬ ತಜ್ಞರ ಒಮ್ಮತದ ಹೇಳಿಕೆ 2017ರಲ್ಲಿ ಹೊರಬಂತು. ಇಂದು ಕ್ರಾಸ್‌ವಿರಾಲೀಸ್ ಒಂದು ಗಣ.

ಈಗ ಬಾಲದ ಫೇಜ್‌ಗಳೆಲ್ಲ ಕಾಡೊವಿರಿಸಿಟೀಸ್ ಎಂಬ ವರ್ಗದಲ್ಲಿವೆ. ಅವುಗಳ ತಲೆಯ ಹೊದಿಕೆಯ ಪ್ರೋಟೀನ್ ಮಡಚಿಕೊಂಡಿರುವ ರೀತಿ ಹರ್ಪಿಸ್ ವೈರಸ್‌ಗಳಲ್ಲೂ ಇರುವುದರಿಂದ ಎರಡೂ ಒಂದೇ ಮಹಾವಿಭಾಗಕ್ಕೆ ಸೇರಿವೆ. ವರ್ಗದ ಒಳಗೆ ಜೀನೋಮ್ ಆಧರಿಸಿದ ಹೊಸ ಕುಟುಂಬಗಳು ಹುಟ್ಟುತ್ತಿವೆ. ಒಂದಕ್ಕೆ ಡೆರೆಲ್ ಹೆಸರು, ಇನ್ನೊಂದಕ್ಕೆ ಆಕರ್‌ಮನ್ ಹೆಸರು. ಆಕರ್‌ಮನ್ ಪೋಷಿಸಿದ ಪದ್ಧತಿ ಹೋಯಿತು. ಅವರ ದುಡಿಮೆಗೆ ಸಲ್ಲಬೇಕಾದ ಗೌರವ ಸಂದಿತು. ಬಹಳಷ್ಟು ಕುಲಗಳಿಗೆ ಮಾತ್ರ ಇನ್ನೂ ಕುಟುಂಬ ಗೊತ್ತಾಗಿಲ್ಲ.

ಈ ಕೆಲಸದ ಬೆಲೆ ಆಸ್ಪತ್ರೆಯಲ್ಲೂ ತಿಳಿಯುತ್ತದೆ. ಔಷಧಕ್ಕೆ ಬಗ್ಗದ ಮೈಕೋಬ್ಯಾಕ್ಟೀರಿಯಾ ಸೋಂಕಿದ್ದ ಹದಿಹರೆಯದ ರೋಗಿಯೊಬ್ಬರಿಗೆ ಹ್ಯಾಟ್‌ಫುಲ್ ಅವರ ಸಂಗ್ರಹದಿಂದ ಮೂರು ಫೇಜ್‌ಗಳನ್ನು ಆರಿಸಿ ಕೊಟ್ಟ ವರದಿ 2019ರಲ್ಲಿ ಪ್ರಕಟವಾಯಿತು. ಆರೋಗ್ಯ ಗಮನಾರ್ಹವಾಗಿ ಸುಧಾರಿಸಿತ್ತು. ಮೂರರಲ್ಲಿ ಎರಡು, ಬ್ಯಾಕ್ಟೀರಿಯಾದೊಳಗೆ ಸುಮ್ಮನಿದ್ದುಬಿಡುವ ಗುಣದವು. ಆ ಗುಣ ಕೊಡುವ ಜೀನನ್ನು ತೆಗೆದ ಮೇಲೆಯೇ ಬಳಸಿದರು. ಯಾವ ಫೇಜ್ ಯಾವ ಬಳಗದ್ದು, ಅದರ ಜೀನೋಮಿನಲ್ಲಿ ಏನಿದೆ ಎಂಬುದು ಗೊತ್ತಿದ್ದರೆ ಇಂಥ ಆಯ್ಕೆ ಊಹೆಯ ಮೇಲೆ ನಿಲ್ಲುವುದಿಲ್ಲ. ಶೇ. 70, ಶೇ. 95 ಎಂಬ ಗೆರೆಗಳು ಮನುಷ್ಯರು ಮಾಡಿಕೊಂಡ ಒಪ್ಪಂದಗಳು, ನಾಳೆ ಬದಲಾಗಲೂಬಹುದು. ಆದರೆ ಯಾರು ಬೇಕಾದರೂ ಅದೇ ಅನುಕ್ರಮವಿಟ್ಟುಕೊಂಡು ಮತ್ತೆ ಲೆಕ್ಕ ಹಾಕಿ ತಪ್ಪು ಹಿಡಿಯಬಹುದು. ಹೊಸ ವರ್ಗೀಕರಣದ ನಿಜವಾದ ಬಲ ಇರುವುದು ಅಲ್ಲೇ.