ಉದಯಪುರದ ವಿವಾಹ ಪ್ರವಾಸೋದ್ಯಮ

ರಾಜಸ್ಥಾನದ ಉದಯಪುರದ ಅರಮನೆ, ಹೋಟೆಲುಗಳಲ್ಲಿ ಹೊರ ಊರಿನ ವಧೂವರರು ಬಂಧುಬಳಗ ಸಮೇತ ಬಂದು ಮದುವೆಯಾಗುವುದರ ಸುತ್ತ ಬೆಳೆದಿರುವ ಉದ್ಯಮ. ಡೆಸ್ಟಿನೇಶನ್ ವೆಡ್ಡಿಂಗ್ ಎಂಬ ಹೆಸರೇ ಬಳಕೆಯಲ್ಲಿದೆ. ಉತ್ತರ ಭಾರತದ ಹಳೆಯ ಕ್ರಮದಲ್ಲಿ ಗಂಡಿನ ಕಡೆಯವರು ಹೆಣ್ಣಿನ ಊರಿಗೆ ದಿಬ್ಬಣ ಹೋಗುತ್ತಾರೆ. ಇಲ್ಲಿ ಬೀಗರಿಬ್ಬರೂ ಹೊರಗಿನವರೇ. ಧರ್ಮಸ್ಥಳಕ್ಕೋ ತಿರುಪತಿಗೋ ಹೋಗಿ ಧಾರೆ ಮುಗಿಸಿ ಬರುವುದು ಕನ್ನಡಿಗರಿಗೆ ಹೊಸದಲ್ಲ. ಆದರೆ ಅದರ ಹಿಂದೆ ಹರಕೆಯೋ, ಖರ್ಚು ತಗ್ಗಿಸುವ ಯೋಚನೆಯೋ ಇರುತ್ತದೆ. ಉದಯಪುರದ ಮದುವೆ ಖರ್ಚಿಗೆ ಹಿಂಜರಿಯದವರದು.

ವಿಚಿತ್ರವೆಂದರೆ ಈ ವೈಭವದ ಬೇರು ಅರಸು ಮನೆತನಗಳ ಹಣದ ಮುಗ್ಗಟ್ಟಿನಲ್ಲಿದೆ. ಸಂಸ್ಥಾನಗಳು ವಿಲೀನವಾದ ಮೇಲೆ ಅರಮನೆಗಳನ್ನು ಸುಸ್ಥಿತಿಯಲ್ಲಿಡುವುದೇ ಹೊರೆಯಾಯಿತು. ಇಲ್ಲಿನ ಅರಸ ಇಮ್ಮಡಿ ಜಗತ್ ಸಿಂಗ್ ಪಿಚೋಲಾ ಸರೋವರದ ನಡುವೆ ಕಟ್ಟಿಸಿ, 1746ರಲ್ಲಿ ಪೂರ್ಣಗೊಂಡ ಜಗ್ ನಿವಾಸವನ್ನು ಮಹಾರಾಣಾ ಭಗವತ್ ಸಿಂಗ್ 1963ರಲ್ಲಿ ಹೋಟೆಲಾಗಿ ಮಾರ್ಪಡಿಸಿದರು. ಇಂದಿನ ಲೇಕ್ ಪ್ಯಾಲೇಸ್ ಅದೇ. 1971ರಲ್ಲಿ ಅದರ ನಿರ್ವಹಣೆಯನ್ನು ತಾಜ್ ಸಮೂಹ ವಹಿಸಿಕೊಂಡಿತು. ಅದೇ ವರ್ಷ ಸಂವಿಧಾನದ 26ನೇ ತಿದ್ದುಪಡಿ, ಮಾಜಿ ಅರಸರಿಗೆ ಸರ್ಕಾರ ಕೊಡುತ್ತಿದ್ದ ರಾಜಧನವನ್ನು ರದ್ದುಪಡಿಸಿತು. ಆ ಆದಾಯವೂ ನಿಂತ ಮೇಲೆ ರಾಜಸ್ಥಾನದ ಇನ್ನಷ್ಟು ಕೋಟೆ, ಹವೇಲಿಗಳು ಅತಿಥಿಗಳಿಗೆ ಬಾಗಿಲು ತೆರೆದವು. 1983ರ ಜೇಮ್ಸ್ ಬಾಂಡ್ ಚಿತ್ರ ‘ಆಕ್ಟೊಪಸಿ’ ಈ ಸರೋವರವನ್ನು ಹೊರನಾಡಿಗೆ ತೋರಿಸಿತು.

ಮದುವೆಯ ಊರೆಂಬ ಹೆಸರು ಗಟ್ಟಿಯಾದದ್ದು 2000ದ ನಂತರ. ನಟಿ ರವೀನಾ ಟಂಡನ್ 2004ರಲ್ಲಿ ಇಲ್ಲಿ ಮದುವೆಯಾದರು. 2018ರ ಡಿಸೆಂಬರ್‌ನಲ್ಲಿ ಉದ್ಯಮಿ ಕುಟುಂಬದ ಇಶಾ ಅಂಬಾನಿಯವರ ವಿವಾಹಪೂರ್ವ ಸಮಾರಂಭಗಳು ಇಲ್ಲೇ ನಡೆದವು.

ಚಳಿಗಾಲದ ಮುಹೂರ್ತಗಳೂ ಪ್ರವಾಸಿಗರ ಹಂಗಾಮೂ ಒಟ್ಟಿಗೆ ಬರುವುದರಿಂದ ಕೋಣೆಗಳ ಬಾಡಿಗೆ ಆಗಲೇ ಗಗನಕ್ಕೇರುತ್ತದೆ. ಪಿಚೋಲಾದ ಇನ್ನೊಂದು ದ್ವೀಪವಾದ ಜಗ್ ಮಂದಿರದಲ್ಲಿ ಮದುವೆಯೆಂದರೆ ಮದುಮಕ್ಕಳಷ್ಟೇ ಅಲ್ಲ, ಹೂವು, ಕುರ್ಚಿ, ಅಡುಗೆ ಸಾಮಾನು ಎಲ್ಲವೂ ದೋಣಿಯಲ್ಲೇ ಹೋಗಬೇಕು. ಊಟ ಮುಗಿದ ಮೇಲೆ ಎಲ್ಲವೂ ಹಾಗೆಯೇ ಮರಳಬೇಕು. ಮಳೆ ಕೈಕೊಟ್ಟ ವರ್ಷಗಳಲ್ಲಿ ಪಿಚೋಲಾ ಬತ್ತಿ, ಲೇಕ್ ಪ್ಯಾಲೇಸಿಗೆ ನೆಲದ ಮೇಲೇ ಹೋಗಿಬರುವಂತಾದದ್ದೂ ಇದೆ. ಇಡೀ ಉದ್ಯಮ ನಿಂತಿರುವುದು ಮಳೆನೀರಿನ ಮೇಲೆ ಎಂಬುದನ್ನು ಪ್ರಚಾರದ ಕೈಪಿಡಿಗಳು ಹೇಳುವುದಿಲ್ಲ.

ಉದಯಪುರ ಮದುವೆಯ ಊರೆಂದು ಹೆಸರಾಗುವಷ್ಟರಲ್ಲಿ ಸಿರಿವಂತರ ಕಣ್ಣು ವಿದೇಶದತ್ತಲೂ ಹರಿದಿತ್ತು. ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ 2018ರ ನವೆಂಬರ್‌ನಲ್ಲಿ ಕೊಂಕಣಿ ಸಂಪ್ರದಾಯದ ಮದುವೆ ಮಾಡಿಕೊಂಡದ್ದು ಇಟಲಿಯ ಕೋಮೊ ಸರೋವರದ ದಡದಲ್ಲಿ. 2023ರ ನವೆಂಬರ್‌ನ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ನರೇಂದ್ರ ಮೋದಿ, ಮದುವೆಗಳನ್ನು ದೇಶದೊಳಗೇ ಮಾಡಿ ಎಂದು ಕರೆಕೊಟ್ಟರು. ಉದಯಪುರಕ್ಕೆ ಅಂಥ ಶಿಫಾರಸಿನ ಅಗತ್ಯವೇನೂ ಇರಲಿಲ್ಲ: ಅದಕ್ಕೆ ಎರಡು ತಿಂಗಳ ಮೊದಲೇ ನಟಿ ಪರಿಣೀತಿ ಚೋಪ್ರಾ, ಮರುವರ್ಷ ಡಿಸೆಂಬರ್‌ನಲ್ಲಿ ಬ್ಯಾಡ್ಮಿಂಟನ್ ಆಟಗಾರ್ತಿ ಪಿ.ವಿ. ಸಿಂಧು ಇಲ್ಲೇ ಮದುವೆಯಾದರು.