ಅಪ್‌ಗ್ರೇಡ್ ದಿನ ಎಲ್ಲಾ ಸರಿ ಇತ್ತಲ್ಲ?
1956ರ ನವೆಂಬರ್ 1ಕ್ಕೆ ನಮ್ಮ ಘಾಟಬೋರಾಳ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರ್ತು. ಊರು ಅದೇ, ಆಡಳಿತ ಬೇರೆ. ನಿಜಾಮರ ಕಾಲದ ಉರ್ದು ಕಾಗದ ಪೆಟ್ಟಿಗೆಯಲ್ಲೇ ಇದ್ರೆ ತಕರಾರಿಲ್ಲ. ಹೊರಗೆ ತೆಗೆದಾಗಲೇ ಓದೋರು ಯಾರು ಅನ್ನೋ ಪ್ರಶ್ನೆ.

ಡೇಟಾಬೇಸ್‌ನಲ್ಲೂ ಹಿಂಗೇ. 2008ರಲ್ಲಿ ಪೋಸ್ಟ್‌ಗ್ರೆಸ್ 8.3 ಬಂತು. ಅಲ್ಲೀತನಕ ಅದು ಸಂಖ್ಯೆಯನ್ನ ತಾನಾಗೇ ಪಠ್ಯ ಅಂತ ಒಪ್ಕೊತಿತ್ತು. ಆಮೇಲೆ ಬಹುತೇಕ ಕಡೆ ನಿಲ್ಲಿಸಿತು. ಆದರೆ ಹಳೆ ಫಂಕ್ಷನ್ ಒಳಗೆ ಬರೀ ಬರಹವಾಗಿ ಕೂತಿರ್ತದೆ. ಅಪ್‌ಗ್ರೇಡ್ ದಿನ ಸುಮ್ಮನಿದ್ದು, ತಿಂಗಳ ಕೊನೆಗೆ ಲೆಕ್ಕಕ್ಕೆ ಕರೆದಾಗ ಎರರ್ ಕೊಡ್ತದೆ.

ಅದಕ್ಕೇ ಹೇಳೋದು, ಮೊದಲು ನಕಲು ಡೇಟಾಬೇಸ್‌ನಲ್ಲಿ ಪ್ರತಿ ಫಂಕ್ಷನ್ನೂ ಓಡಿಸಿ ನೋಡ್ರಿ. ಎಲ್ಲಿ ನಿಲ್ತದೋ ಅಲ್ಲಿ ‘ಇದನ್ನ ಪಠ್ಯ ಮಾಡು’ ಅಂತ ಕಾಸ್ಟ್ ಬರೀರಿ. ಪೆಟ್ಟಿಗೆ ತೆರೀದೇ ಕಾಗದ ಸರಿ ಇದೆ ಅನ್ನಬ್ಯಾಡ್ರಿ.