ಮೊದಲು ಕರಿದವರು ಯಾರು?



ಚರಿತ್ರೆಯ ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ನಾನು ಪದೇ ಪದೇ ಕೇಳಿದ ಪ್ರಶ್ನೆಯೊಂದಿದೆ: "ಇದನ್ನು ಮೊದಲು ಮಾಡಿದವರು ಯಾರು?" ಒಂದು ಹೆಸರಿಗೆ ಒಂದು ಅಂಕ. ಒಮ್ಮೆ ಹುಡುಗನೊಬ್ಬ ಎರಡು ಹೆಸರು ಬರೆದಿದ್ದ. "ಇಬ್ಬರೂ ತಾವೇ ಅಂತಾರಲ್ಲ ಸಾರ್" ಎಂದು ವಾದಿಸಿದ. ನಾನು ಗದರಿಸಿ ಕೂರಿಸಿದೆ, ಅಂಕ ಕೊಡಲಿಲ್ಲ.

ಅವನು ನೆನಪಾದದ್ದು ಮೊನ್ನೆ, ಅಡುಗೆಮನೆಯಲ್ಲಿ. ಹೋಟೆಲಿನಲ್ಲಿ ತಿಂದ ಕರಿದ ರಾವಿಯೋಲಿಯನ್ನು ಮನೆಯಲ್ಲೇ ಮಾಡಬೇಕೆಂದು ಮೊಮ್ಮಗಳು ಹಠ ಹಿಡಿದಿದ್ದಳು. ರಾವಿಯೋಲಿ ಎಂದರೆ ಹೂರಣ ತುಂಬಿದ ಪಾಸ್ತಾ, ಇಟಲಿಯವರ ಕಡುಬು ಎನ್ನಬಹುದು. ಸಾಮಾನ್ಯವಾಗಿ ಅದನ್ನು ನೀರಿನಲ್ಲಿ ಬೇಯಿಸುತ್ತಾರೆ. ರೊಟ್ಟಿಪುಡಿ ಹಚ್ಚಿ ಕರಿಯುವ ಪದ್ಧತಿ ಪ್ರಸಿದ್ಧವಾದದ್ದು ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದಲ್ಲಿ. ಎಣ್ಣೆಯಲ್ಲಿ ಕರಿದರೂ ಅಲ್ಲಿ ಅದರ ಹೆಸರು 'ಟೋಸ್ಟೆಡ್ ರಾವಿಯೋಲಿ'!

ಆ ನಗರದಲ್ಲಿ 'ದಿ ಹಿಲ್' ಎಂಬ ಬಡಾವಣೆಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಉತ್ತರ ಇಟಲಿಯ ಲೊಂಬಾರ್ಡಿಯಿಂದಲೂ ದಕ್ಷಿಣದ ಸಿಸಿಲಿಯಿಂದಲೂ ಬಂದ ಬಡವರು ಅಲ್ಲಿ ನೆಲೆಸಿ, ಜೇಡಿಮಣ್ಣಿನ ಗಣಿಗಳಲ್ಲಿ, ಇಟ್ಟಿಗೆ ಕಾರ್ಖಾನೆಗಳಲ್ಲಿ ದುಡಿದರು. ಬೇಸ್‌ಬಾಲ್ ಆಟಗಾರ ಯೋಗಿ ಬೆರಾ ಹುಟ್ಟಿ ಬೆಳೆದದ್ದೂ ಅಲ್ಲಿಯೇ.

1940ರ ದಶಕದಲ್ಲಿ ಅಲ್ಲಿನ ಓಲ್ಡಾನಿಸ್ ಹೋಟೆಲಿನಲ್ಲಿ, ಫ್ರಿಟ್ಜ್ ಎಂಬ ಅಡುಗೆಯವನ ಕೈತಪ್ಪಿ ರಾವಿಯೋಲಿ ಬಿಸಿನೀರಿನ ಬದಲು ಕಾದ ಎಣ್ಣೆಗೆ ಬಿತ್ತೆಂಬುದು ಒಂದು ಕಥೆ. ಅದು ಹುಟ್ಟಿದ್ದು 1947ರಲ್ಲಿ ಆಂಜಲೋಸ್ ಹೋಟೆಲಿನಲ್ಲಿ ಎಂಬುದು ಮತ್ತೊಂದು ಕಥೆ. ಮುಂದೆ ಅದೇ ಜಾಗದಲ್ಲಿ ನಡೆದ ಚಾರ್ಲಿ ಗಿಟ್ಟೋಸ್ ಹೋಟೆಲಿನವರ ವಾದವದು. ಯಾವುದಕ್ಕೂ ಗಟ್ಟಿ ದಾಖಲೆಯಿಲ್ಲ. ಅಷ್ಟೇ ಅಲ್ಲ, ಸಿಹಿ ಹೂರಣದ ರಾವಿಯೋಲಿಯನ್ನು ಕರಿಯುವುದು ಇಟಲಿಯಲ್ಲಿ ಹಳೆಯ ರೂಢಿ. ಹಾಗಿರುವಾಗ ಕೈತಪ್ಪಿದ ಒಂದೇ ಗಳಿಗೆಯಲ್ಲಿ ಎಲ್ಲವೂ ಹುಟ್ಟಿತೆಂದು ನಂಬುವುದು ಹೇಗೆ? ವಲಸೆ ಬಂದವರ ಕೈಗಳಲ್ಲಿ ಆ ರೂಢಿಯೂ ಬಂದಿರಬಹುದಲ್ಲವೇ?

ಇನ್ನು ನಮ್ಮ ಮನೆಯ ಪ್ರಯೋಗ. ರಾವಿಯೋಲಿಯ ಅಂಚುಗಳನ್ನು ಒದ್ದೆ ಬೆರಳಿನಿಂದ ಒತ್ತಿ ಭದ್ರಪಡಿಸಬೇಕು; ಬಿಟ್ಟುಕೊಂಡರೆ ಹೂರಣ ಎಣ್ಣೆಪಾಲು. ಕಡುಬು ಕರಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಾಲಿನಲ್ಲಿ ಅದ್ದಿ, ಒರೆಗಾನೊ ಬೆರೆಸಿದ ರೊಟ್ಟಿಪುಡಿಯಲ್ಲಿ ಹೊರಳಿಸಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಪುಡಿ ಉದುರುವುದಿಲ್ಲ. ಎಣ್ಣೆಯ ಶಾಖ ಸುಮಾರು 175 ಡಿಗ್ರಿ ಸೆಲ್ಸಿಯಸ್ ಇರಲಿ. ಕಡಿಮೆಯಾದರೆ ಎಣ್ಣೆ ಕುಡಿಯುತ್ತದೆ. ಹೆಚ್ಚಾದರೆ ಹೊರಗೆ ಕಪ್ಪಾಗಿ ಒಳಗೆ ಹಸಿಯಾಗಿ ಉಳಿಯುತ್ತದೆ. ನಾಲ್ಕೈದನ್ನು ಮಾತ್ರ ಒಮ್ಮೆಗೆ ಹಾಕಿ, ಹೊಂಬಣ್ಣ ಬಂದೊಡನೆ ತೆಗೆದು, ತುರಿದ ಪಾರ್ಮೆಸಾನ್ ಚೀಸ್ ಉದುರಿಸಿ, ಬೆಳ್ಳುಳ್ಳಿ ಹಾಕಿ ಕುದಿಸಿದ ಟೊಮೆಟೊ ಸಾಸ್‌ನೊಡನೆ ಬಡಿಸಿದೆವು.

"ತಾತ, ಇದನ್ನು ಕಂಡುಹಿಡಿದವರು ಯಾರು?" ಎಂದು ಮೊಮ್ಮಗಳು ಕೇಳಿದಳು. ಅಭ್ಯಾಸಬಲದಿಂದ ಒಂದು ಹೆಸರು ನಾಲಿಗೆಯ ತುದಿಗೆ ಬಂತು. ತಡೆದುಕೊಂಡು ಎರಡೂ ಕಥೆಗಳನ್ನು ಹೇಳಿದೆ. ಸಾಕ್ಷ್ಯ ಎರಡು ಕಡೆ ಎಳೆಯುವಾಗ ಎರಡನ್ನೂ ಬರೆದಿಡುವುದೇ ಚರಿತ್ರೆಯ ಪ್ರಾಮಾಣಿಕತೆ. ಬಿ.ಎಡ್. ಮುಗಿಸಿ ತರಗತಿಗೆ ಕಾಲಿಟ್ಟಿದ್ದ ನನಗಿಂತ ಮೊದಲೇ ಅದು ಆ ಹುಡುಗನಿಗೆ ತಿಳಿದಿತ್ತು.

ಅವನು ಇದನ್ನು ಓದುತ್ತಿದ್ದರೆ ಒಂದು ಮಾತು: ಮಗೂ, ಆ ಒಂದು ಅಂಕ ನಿನಗೆ ಸಲ್ಲಬೇಕಿತ್ತು. ತಡವಾಯಿತು, ಕ್ಷಮಿಸು.